ಖಾಲಿ ಬಿಟ್ಟ ಮೊದಲ ಚೌಕ

ಮಗಳ ಪೆನ್ನು ಯಾಕೆ ನಿಂತಿತು — ಇಷ್ಟೊತ್ತು ಸರಸರ ಓಡುತ್ತಿತ್ತಲ್ಲ, ಹೆಸರು, ತಂದೆಯ ಹೆಸರು, ನೌಕರಿ, ಶಾಕಾಹಾರಿಯೋ ಅಲ್ಲವೋ, ಎಲ್ಲ ಗುಜರಾತಿಯಲ್ಲಿ ತುಂಬಿಸಿ, ಈಗ ಮತ್ತೆ ಮೇಲಕ್ಕೆ ಹೋಗಿ ಮೊದಲ ಚೌಕದ ಮೇಲೆ ನಿಂತಿದೆ, ಈ ಕಡೆ ಹಾಗೇ, ಅಟಕ್, ಅಂದರೆ ಅಡ್ಡಹೆಸರು ಮೊದಲು, ಮನುಷ್ಯ ಆಮೇಲೆ, ಅಪ್ಪಾ ಇಲ್ಲಿ ಕ್ಯಾ ಲಿಖೂಂ, ಅಂತಾಳೆ ಸಂಹಿತಾ, ಗಿರಿಧರನಿಗೆ ಗುಜರಾತಿ ಬರೆಯಲು ಬಾರದು, ಅವಳಿಗೆ ಕನ್ನಡ ಓದಲು ಬಾರದು, ಹದಿನೆಂಟು ವರ್ಷ ಸಾಕಿದ್ದರ ಫಲ ಇದು, ಅವಳ ತೊಡೆಯ ಮೇಲೆ ಬೆನ್ನು ಮುರಿದ ಹಳೇ ಕಾದಂಬರಿ, ಅದರ ಮೇಲೆ ಬಾಡಿಗೆ ಮನೆಯ ಫಾರ್ಮು, ತಡಿಯವಾ, ಅಂದ, ಯಾಕೆ ತಡೆಯಬೇಕೆಂದು ತನಗೇ ಗೊತ್ತಿಲ್ಲದೆ. ಎದುರಿಗೆ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಕೀರ್ತಿಭಾಯಿ ಚಹಾ ಸರಿಸುತ್ತಾರೆ, ಗಿರಿಧರ ಅಂದರೆ ಹೆಸರಾಯಿತು ಭಾಯಿ, ಅಟಕ್ ಹೇಳಿಬಿಡಿ, ನನಗೇನಿಲ್ಲ, ಕಮಿಟಿಯವರು ಮೊದಲು ನೋಡೋದೇ ಅದನ್ನ — ಎಷ್ಟು ಮೃದು ಮನುಷ್ಯ, ಬೈದಿದ್ದರೆ ಎದ್ದು ಹೋಗಬಹುದಿತ್ತು, ಏಲಕ್ಕಿ ಹಾಕಿದ ಚಹಾ ಕೊಟ್ಟವನ ಮುಂದಿಂದ ಏಳುವುದು ಹೇಗೆ, ಇದೇ ಊರಿನ ವಸ್ತ್ರಾಪುರದ ಸೊಸೈಟಿಯವನೂ ಹೀಗೇ ಚಹಾ ಕೊಟ್ಟಿದ್ದ, ಈ ಚೌಕ ಖಾಲಿ ಬಿಟ್ಟು ಬಂದಿದ್ದಕ್ಕೆ ತಿಳಿಸ್ತೀವಿ ಅಂದಿದ್ದ, ಇನ್ನೂ ತಿಳಿಸುತ್ತಲೇ ಇದ್ದಾನೆ. ಇದೂ ಹೋದರೆ ಮತ್ತೆ ಎಲ್ಲಿ, ವಡೋದರಾದ ಮನೆ ಈ ತಿಂಗಳ ಕೊನೆಗೆ ಖಾಲಿ ಮಾಡಬೇಕು, ಇವಳ ಕಾಲೇಜು ಇಲ್ಲಿ ಸೋಮವಾರ ಶುರು, ಈ ಊರಿನ ನೌಕರಿಗೆ ತನ್ನ ಎರಡು ವರ್ಷದ ಅಪ್‌ಡೌನ್, ಐದಕ್ಕೆ ಎದ್ದು ರೈಲು, ರಾತ್ರಿ ಒಂಬತ್ತಕ್ಕೆ ಚಪ್ಪಲಿ ಬಿಡುವುದು, ಏನ್ರೀ, ಒಂದು ಶಬ್ದಕ್ಕ ಮನೀ ಕಳಕೋತೀರೇನು, ಮೇದಿನಿ ಟ್ರಂಕು ಕಟ್ಟುತ್ತ ಅಂದಳಲ್ಲ, ಹೆಂಡತಿ ಅಂದದ್ದರಲ್ಲಿ ತಪ್ಪೇನಿದೆ, ಕದ್ದದ್ದಲ್ಲ, ನಿಮ್ಮಪ್ಪಂದು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ್ಯಾಗ ಇನ್ನೂ ಅದ ನೋಡ್ರಿ.

ಆ ಟ್ರಂಕಿನಲ್ಲೇ ಕಾದಂಬರಿ ಸಿಕ್ಕಿದ್ದು, ಅಪ್ಪಾ ಇದರಲ್ಲಿ ನಿನ್ನ ಪೆನ್ಸಿಲ್ ಬರಹ ಇದೆ, ಕಥೆ ಹೇಳು, ಇವತ್ತು ಬೆಳಿಗ್ಗೆ ರೈಲಿನಲ್ಲಿ ಹೇಳಿದ, ಒಬ್ಬ ಹುಡುಗ, ಅಪ್ಪನ ರುಮಾಲು ಈ ತಲೆಗೆ ಸುತ್ತುವುದಿಲ್ಲ ಅಂತ ಊರ ಮುಂದೆ ಹೇಳುತ್ತಾನೆ, ಕೊನೆಯ ಪುಟದಲ್ಲಿ ಕನ್ನಡಿ ಎದುರು ನಿಂತು ತಾನೇ ಸುತ್ತಿಕೊಳ್ಳುತ್ತಾನೆ, ಅದು ಸರಿಯಾಗಿ ಕೂರುತ್ತದೆ, ಅಷ್ಟೇ, ಮುಗೀತು. ವೋ ಬದಲಾ ಕಬ್, ಕೇಳಿದಳು ಹುಡುಗಿ, ಯಾವ ಪೇಜಲ್ಲಿ? ಹೌದಲ್ಲ, ಯಾವ ಪುಟದಲ್ಲಿ, ಆಣಂದ್ ದಾಟಿತು, ನಡಿಯಾದ್ ದಾಟಿತು, ತಿರುವಿದ, ಹಿಂದಕ್ಕೆ ತಿರುವಿದ, ಇಲ್ಲಿ ಇನ್ನೂ ಜಗಳಾಡುತ್ತಿದ್ದಾನೆ, ಇಲ್ಲಿ ಅಮ್ಮನಿಗೆ ಜ್ವರ, ಇಲ್ಲಿ ಒಂದು ಮದುವೆಯ ಊಟ, ಇಲ್ಲಿ ಸುಮ್ಮನೆ ದಣಿದಿದ್ದಾನೆ, ಬದಲಾದ ಪುಟ ಮಾತ್ರ ಇಲ್ಲ, ಹರಿದು ಹೋಗಿದೆಯೋ ಏನೋ ಅಂತ ಪುಟಸಂಖ್ಯೆ ಕೂಡ ಎಣಿಸಿದ, ಎಲ್ಲ ಇದ್ದವು. ಕೊನೆಯ ಪುಟದ ಕೆಳಗೆ ಪೆನ್ಸಿಲಿನಲ್ಲಿ ಹೇಡಿ ಅಂತ ಇತ್ತು, ತನ್ನದೇ ಅಕ್ಷರ, ಒತ್ತಿ ಬರೆದದ್ದು, ಇಪ್ಪತ್ತು ವರ್ಷದವನಿಗೆ ಕೈಯಲ್ಲಿ ಎಷ್ಟು ಬಲ. ಮೊದಲ ಪುಟದಲ್ಲಿ ಇನ್ನೊಂದು, ಧಾರವಾಡದ ಹಾಸ್ಟೆಲ್ಲಿನಲ್ಲಿ ಈ ಪುಸ್ತಕ ಗೋಡೆಗೆ ಎಸೆದ ರಾತ್ರಿ, ಇನ್ನು ಅಡ್ಡಹೆಸರು ಬೇಡವೆಂದು ತಾನೂ ಗೆಳೆಯನೂ ಸೇರಿ ಬರೆದದ್ದು, ಗಿರಿಧರ, ಸದಾಶಿವ, ಇಷ್ಟೇ. ಇಷ್ಟೇ ಅನ್ನುವುದರ ಕೆಳಗೆ ಎರಡು ಗೆರೆ.

ಸದಾಶಿವ ಈಗ ಸೂರತ್‌ನಲ್ಲಿ, ಸೀರೆ ಮಾರ್ಕೆಟ್ಟಿನ ಆಫೀಸಿನಲ್ಲಿ, ಹೋದ ವಾರ ಗಿರಿಧರನೇ ಫೋನು ಮಾಡಿ ಕೇಳಿದ್ದ, ಸದ್ಯಾ, ಫಾರ್ಮಿನಲ್ಲಿ ಏನು ಬರೀತೀಯೋ ನೀನು, ಅವನು ನಕ್ಕ, ಲೇ ಗಿರ್ಯಾ, ಅವತ್ತ ನೀ ಬಿಟ್ಟಿ, ನಾ ಬಿಟ್ಟು ಬಚಾವಾದೆ, ನಾ ಬರದ್ರ ಮನಿ ಹೋಗತೈತಿ, ನೀ ಬರದ್ರ ಮನಿ ಸಿಗತೈತಿ, ಇಷ್ಟ ನೋಡು ಫರಕ್ಕು, ಬರಿಯಲೇ, ಮಕ್ಕಳು ಮರಿ ಅದಾವು — ನಗುವೋ ಅಪ್ಪಣೆಯೋ, ವಾರವಿಡೀ ಕಿವಿಯಲ್ಲಿ ತಿರುಗಿಸಿ ನೋಡಿದ್ದಾನೆ, ತಿಳಿದಿಲ್ಲ, ಒಂದೇ ರಾತ್ರಿ ಬಿಟ್ಟದ್ದು, ಒಬ್ಬ ಶಾಲು ಬಿಟ್ಟ ಹಾಗೆ ಬಿಟ್ಟ, ಒಬ್ಬ ಸಂಕೋಲೆ ಬಿಟ್ಟ ಹಾಗೆ, ಅದು ಆಗ ಯಾಕೆ ಹೊಳೆಯಲಿಲ್ಲ. ಅಂಕಲ್ ವೇಟ್ ಕರ್ ರಹೇ ಹೈಂ ಅಪ್ಪಾ, ಕೀರ್ತಿಭಾಯಿ ಕಿಟಕಿಯಾಚೆ ನೋಡುತ್ತಿದ್ದಾರೆ, ಅವಸರವಿಲ್ಲದವರ ಹಾಗೆ, ಹೊರಗೆ ಬೋಡಕ್‌ದೇವ್ ಬಡಾವಣೆಯ ಬಿಸಿಲು, ಕೆಳಗೆ ಯಾರದೋ ಸ್ಕೂಟರು ಚಾಲೂ ಆಗಲೊಲ್ಲದು, ಒಮ್ಮೆ, ಎರಡು ಸಲ, ಆಯಿತು ಈಗ, ಹೊರಟಿತು — ಕುಲಕರ್ಣಿ, ಅಂದ. ಯಾರು ಅಂದದ್ದು? ಮೂವತ್ತು ವರ್ಷ ಬಾಯಿಗೆ ಬಾರದ ಶಬ್ದ, ತೊದಲಬೇಕಿತ್ತು, ತೊದಲಲಿಲ್ಲ, ಸರಿಯಾಗಿ ಕೂತಿತು, ಕೀರ್ತಿಭಾಯಿಯ ಮುಖ ಅರಳಿತು, ಅರೇ, ಮೊದಲೇ ಹೇಳಬಾರದೇ, ನಮ್ಮ ಬಿಲ್ಡಿಂಗಿನಲ್ಲೂ ಒಬ್ಬರಿದ್ದಾರೆ, ಬಿಸ್ಕತ್ತು ತಗೊಳ್ಳಿ, ಬಿಸ್ಕತ್ತು ಕೈಗೆ ಬಂತು, ಅಯ್ಯೋ, ಹೀಗೋ, ಇಷ್ಟು ಸಲೀಸೋ, ಕಾದಂಬರಿಯ ಹುಡುಗನೂ ಹೀಗೇ ಇದ್ದಿರಬೇಕು, ಪುಟ ಇಲ್ಲದ್ದು ಅದಕ್ಕೇ ಇರಬೇಕು, ಮದುವೆಯ ಊಟಕ್ಕೂ ದಣಿವಿಗೂ ನಡುವೆ ಎಲ್ಲೋ. ಸಂಹಿತಾ ಮಾತ್ರ ಬರೆಯುತ್ತಿಲ್ಲ, ತಲೆ ಎತ್ತಿದ್ದಾಳೆ, ಅಪ್ಪನ ಬಾಯಲ್ಲಿ ಆ ಶಬ್ದವನ್ನು ಮೊದಲ ಸಲ ಕೇಳಿದವಳು, ವೋ ಕೌನ್ ಹೈ, ಅಪ್ಪಾ? ನಿಜವಾಗಿ ಕೇಳುತ್ತಿದ್ದಾಳೆ, ಕೊಂಕಿಲ್ಲ, ಕಣ್ಣಿನಲ್ಲಿ ಬೆಳಿಗ್ಗೆ ರೈಲಿನಲ್ಲಿದ್ದದ್ದೇ ಕುತೂಹಲ, ಯಾವ ಪೇಜು, ಯಾವ ಪೇಜಲ್ಲಿ — ಪೆನ್ನಿನ ಮೊನೆ ಮೊದಲ ಚೌಕಕ್ಕೆ ತಾಗಿಕೊಂಡೇ ಇದೆ, ಅಕ್ಷರವಿಲ್ಲ, ತಾಗಿದಲ್ಲೇ ಒಂದು ನೀಲಿ ಚುಕ್ಕೆ, ಇಷ್ಟೇ ಇದ್ದದ್ದು, ಹರಡಿ ಇಷ್ಟಾಗುತ್ತಿದೆ, ಚೌಕದೊಳಗೆ, ಮೊದಲ ಚೌಕದೊಳಗೆ, ನೀಲಿ.