ಮುಚ್ಚಳಿಕೆ

"ಬೆನ್ನಿಗೆ ಇನ್ನೊಂದು ತಂಬಗಿ ಹಾಕ್ರಿ, ಅಕ್ಕಾರ," ಎಂದು ನೆರೆಮನೆಯ ಮುತ್ತವ್ವ ಹೆಣವನ್ನು ಮುಂದಕ್ಕೆ ಬಾಗಿಸಿ ಹಿಡಿದಳು. ನೀರು ಸುರಿದ ಗೀತಾಂಜಲಿ ಬಾಗಿ ನೋಡಿದಳು. ರುಕ್ಮವ್ವನ ಬೆನ್ನ ತುಂಬ ಬೆರಳುದ್ದದ ಹಳೆಯ ಬರೆಗಳು.

"ಇವೇನು?"

"ಮದಿವ್ಯಾದ ವರ್ಷ ದೆವ್ವ ಬಡದಿತ್ತಲ್ರಿ. ಪೂಜಾರಿ ಕುಡಗೋಲು ಕಾಸಿ ಎಳದಿದ್ದ. ಇಷ್ಟು ವರ್ಷ ನಿಮ್ಮ ಕಡೆ ದುಡದ್ಲು, ನಿಮಗ ಗೊತ್ತಿಲ್ಲೇನ?"

ಗೊತ್ತಿರಲಿಲ್ಲ. ಧಾರವಾಡದ ಸಲಹಾ ಕೇಂದ್ರದಲ್ಲಿ ಗೀತಾಂಜಲಿ ನೊಂದ ಹೆಂಗಸರ ಮಾತು ಬರೆದುಕೊಳ್ಳುತ್ತಿದ್ದರೆ, ರುಕ್ಮವ್ವ ಹನ್ನೊಂದು ವರ್ಷ ಈ ಉಪ್ಪಿನಬೆಟಗೇರಿಯಿಂದ ಮೊದಲ ಬಸ್ಸಿಗೆ ಬಂದು ಕಸ ಹೊಡೆದು, ಚಹಾ ಮಾಡಿ ಕೊಡುತ್ತಿದ್ದಳು.

*

ತೊಂಬತ್ತೆಂಟರಲ್ಲಿ ಗರಗದಿಂದ ಒಬ್ಬ ಸೊಸೆ ಬಂದಿದ್ದಳು. ಏನು ಕೇಳಿದರೂ ನೆಲ ನೋಡುತ್ತಿದ್ದಳು. ಚಹಾದ ಎರಡು ಕಪ್ಪು ಇಡುತ್ತ ರುಕ್ಮವ್ವ ಮೆಲ್ಲಗೆ, "ಅಕಿ ಬಾಯಿ ಬಿಡೂದಿಲ್ರಿ ಅಕ್ಕಾರ. ಬೆನ್ನ ನೋಡ್ರಿ," ಎಂದಳು.

"ಚಾ ಇಟ್ಟು ಹೊರಗ ಕೂಡ್ರಿ, ರುಕ್ಮವ್ವ. ಇದು ನಿಮ್ಮ ಕೆಲಸಲ್ಲ."

ದೆವ್ವ ಬಿಡಿಸುತ್ತೇವೆಂದು ಇನ್ನು ಹೊಡೆಸುವುದಿಲ್ಲ ಅಂತ ಅತ್ತೆ ಮನೆಯವರು ಮುಚ್ಚಳಿಕೆ ಬರೆದುಕೊಟ್ಟರು. ಸೊಸೆಯನ್ನು ಅವರ ಜೊತೆಗೇ ಕಳಿಸಿದ್ದಾಯಿತು. ಕಡತದ ಮೇಲೆ 'ರಾಜಿ' ಎಂದು ಬರೆಯುವಾಗ ಗೀತಾಂಜಲಿಗೆ ಸಮಾಧಾನವೇ ಆಗಿತ್ತು. ಹೊರಗೆ ರುಕ್ಮವ್ವ ಆ ಎರಡು ಕಪ್ಪುಗಳನ್ನು ಎಷ್ಟು ಹೊತ್ತು ತೊಳೆದಳೋ.

*

ಒಳಗಿನ ಕೋಣೆಯಲ್ಲಿ ರುಕ್ಮವ್ವನ ಮೊಮ್ಮಗಳು ಸೃಷ್ಟಿ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಹನ್ನೊಂದರ ಹುಡುಗಿ. ಅಜ್ಜಿಯ ಉಸಿರು ನಿಂತಾಗಿನಿಂದ ಮಾತಿಲ್ಲ.

"ಅವ್ವ ಅಕಿ ಮೈಯಾಗ ಹೊಕ್ಕಾಳ್ರಿ," ಎಂದ ಅವಳ ಅಪ್ಪ ಹನಮೇಶ. "ಪೂಜಾರಿಗೆ ಹೇಳಿ ಕಳಿಸೇನಿ."

"ಅದು ದುಃಖ, ಹನಮೇಶ, ದೆವ್ವ ಅಲ್ಲ. ನಾಕು ದಿನ ನನ್ನ ಜೋಡಿ ಕಳಸು."

"ಸೂತಕದಾಗ ಹೆಂಗ ಕಳಸೂದ್ರಿ? ಅಂಜಬ್ಯಾಡ್ರಿ, ಸುಡೂದಿಲ್ಲ, ಬಡಿಯೂದಿಲ್ಲ. ಮೆಣಸಿನಕಾಯಿ ಹೊಗಿ ಅಷ್ಟ. ಬೇಕಂದ್ರ ಬರದು ಕೊಡ್ತೇನಿ. ನಿಮ್ಮಲ್ಲಿ ಬರದು ಕೊಟ್ರ ಮುಗೀತಂತ ಅವ್ವ ಹೇಳತಿದ್ಲು. ಎಲ್ಲಿ ಸಹಿ ಮಾಡ್ಲಿ?"

ಅವನು ಚುಚ್ಚಿ ಆಡಿದ ಮಾತಲ್ಲ ಅದು. ನಿಜವಾಗಿಯೇ ಅಂಗಿಯ ಕಿಸೆಯಲ್ಲಿ ಪೆನ್ನು ಹುಡುಕುತ್ತಿದ್ದ.

ಗಂಡಸರು ಹೆಣ ಎತ್ತಿದರು. ಹೆಂಗಸರೆಲ್ಲ ಅಳುತ್ತ ಅಂಗಳಕ್ಕೆ ನಡೆದಾಗ ಗೀತಾಂಜಲಿ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿದಳು.

ಸ್ವಲ್ಪ ಹೊತ್ತಿಗೆ ಪೂಜಾರಿಯ ಗಂಟೆ ಕೇಳಿಸಿತು. ಬಾಗಿಲು ಬಡಿಯತೊಡಗಿದರು.

"ತಗೀರಿ ಅಕ್ಕಾರ!" ಮುತ್ತವ್ವ ಕೂಗಿದಳು. "ಕಲ್ತವರು ಹಿಂಗ ಹುಚ್ಚರಂಗ ಮಾಡ್ತಾರೇನ? ಅದು ನಿಮಗೂ ಬಡದೀತು!"

ಗೀತಾಂಜಲಿ ತೆಗೆಯಲಿಲ್ಲ. ಬಾಗಿಲ ಕೆಳಗಿನಿಂದ ಮೆಣಸಿನಕಾಯಿಯ ಘಾಟು ಹೊಗೆ ನುಸುಳತೊಡಗಿತು. ಅವಳು ಕೆಮ್ಮುತ್ತ ಸೆರಗನ್ನು ಮೂಲೆಯ ನೀರಿನ ಕೊಡದಲ್ಲಿ ಅದ್ದಿ, ಮಂಡಿಯೂರಿ, ಸಂದಿಗೆ ತುರುಕಿದಳು. ಸೆರಗು ಸಾಲಲಿಲ್ಲ. ಹಿಂದಿನಿಂದ ಸೃಷ್ಟಿ ಎದ್ದು ಬಂದಳು. ಉಟ್ಟ ಲಂಗದ ಅಂಚನ್ನು ಮಡಚಿ ಉಳಿದ ಸಂದಿಗೆ ಒತ್ತಿ, ಅದರ ಮೇಲೆ ಗಟ್ಟಿಯಾಗಿ ಕುಳಿತಳು.