ಎರಡನೇ ಸಲದ ಬುದ್ಧಿಪರೀಕ್ಷೆ

"ಮೊನ್ನೆ ನೀವೇ ಮಗಳು ಬುದ್ಧಿವಂತೆ ಅಂದ್ರಲ್ರೀ ಮೇಡಂ, ಈಗ ಮತ್ತೆ ಪರೀಕ್ಷೆ ಯಂತಕೆ?" ಬಾಗಿಲಲ್ಲೇ ನಿಂತು ಆನಂದಪ್ಪ ಕೇಳಿದ.

"ಮೊನ್ನೆದು ಚಿಕ್ಕ ಪರೀಕ್ಷೆ ಕಣ್ರೀ. ಶಬ್ದದ ಅರ್ಥ, ಚಿತ್ರದ ಒಗಟು, ಅಷ್ಟೇ. ಎಷ್ಟು ಬೇಗ ಮಾಡ್ತಾಳೆ ಅನ್ನೋದು ಅದ್ರಲ್ಲಿ ಗೊತ್ತಾಗಲ್ಲ. ಇವತ್ತು ಪೂರ್ತಿದು," ಎಂದರು ಮನಶ್ಶಾಸ್ತ್ರಜ್ಞೆ ಶಶಿರೇಖಾ. ಶಿಕಾರಿಪುರದ ಆ ಬಾಡಿಗೆ ಕೋಣೆಯಲ್ಲಿ ಕಾಲೇಜು ಮಕ್ಕಳನ್ನು ಪರೀಕ್ಷಿಸಿ ಪರೀಕ್ಷಿಸಿ ಅವರ ದನಿಯೂ ಸವೆದಿತ್ತು.

ಆನಂದಪ್ಪನ ಹಿಂದೆ ಮಗಳು ರಮ್ಯ ನಿಂತಿದ್ದಳು. ಹೋದ ಬೇಸಿಗೆಯಲ್ಲಿ ಕ್ಯಾಸನೂರಿನ ಕಾಡಂಚಿಗೆ ತರಗೆಲೆ ಗುಡಿಸಲು ಹೋಗಿ ಮಂಗನ ಕಾಯಿಲೆ ಅಂಟಿಸಿಕೊಂಡವಳು. ಜ್ವರ ಬಿಟ್ಟಿತು, ಅದರ ಜೊತೆ ಬಂದ ನಿಧಾನ ಬಿಡಲಿಲ್ಲ. ಉತ್ತರ ತಲೆಯಲ್ಲಿರುತ್ತದೆ, ಕೈಗೆ ಇಳಿಯುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಬಿ.ಎ. ಪರೀಕ್ಷೆಗೆ ಹೆಚ್ಚಿನ ಸಮಯ ಕೊಡಿ ಎಂದು ಕೇಳಿದ್ದಕ್ಕೆ, ಕಾಲೇಜಿನವರು ಚಿಕ್ಕ ಪರೀಕ್ಷೆಯ ಅಂಕ ಮುಖಕ್ಕೆ ಹಿಡಿದು, "ಏನೂ ಆಗಿಲ್ಲ, ಸೋಮಾರಿತನ," ಎಂದಿದ್ದರು. ಇಂಥ ಮಕ್ಕಳಿಗೆ ಚಿಕ್ಕ ಪರೀಕ್ಷೆಯೇ ಸಾಕು ಎಂದು ತೀರ್ಮಾನಿಸಿದ ಮೇಲಿನವರಲ್ಲಿ ಕಾಡಂಚಿನಲ್ಲಿ ಎಲೆ ಗುಡಿಸಿ ಕಾಯಿಲೆ ಬಿದ್ದವರು ಒಬ್ಬರೂ ಇರಲಿಲ್ಲ. ಆನಂದಪ್ಪನೂ ಒಳಗೊಳಗೆ ಅವರ ಮಾತನ್ನೇ ನಂಬಿದ್ದ. ಆದರೂ ಸಮಯ ಸಿಕ್ಕರೆ ಸಿಗಲಿ ಎಂದು ಜೊತೆಗೆ ಬಂದಿದ್ದ.

"ಮಗಾ, ನಿಧಾನಕ್ಕೆ ಮಾಡು," ಎಂದು ಪಿಸುಗುಟ್ಟಿದ. "ಚುರುಕು ತೋರ್ಸಕ್ಕೆ ಹೋಗಬ್ಯಾಡ. ಆಮೇಲೆ ಟೈಮ್ ಕೊಡಲ್ಲ ನೋಡು."

"ನಾಟ್ಕ ಆಡಕ್ಕೆ ಬಂದಿಲ್ಲಪ್ಪ ನಾನು."

"ಮಾತಿಗೇನ್ ಕಮ್ಮಿ ಇಲ್ಲ."

ಪರೀಕ್ಷೆ ಮಧ್ಯಾಹ್ನದವರೆಗೂ ಎಳೆಯಿತು. ಕೊನೆಯ ಹಾಳೆಯಲ್ಲಿ ಒಂದೊಂದು ಅಂಕಿಗೂ ಒಂದೊಂದು ಗುರುತು. ಮೇಲಿನ ಸಾಲಿನ ಜೋಡಿ ನೋಡಿಕೊಂಡು, ಕೆಳಗಿನ ಅಂಕಿಗಳಡಿಯ ಖಾಲಿ ಮನೆಗಳಲ್ಲಿ ಅದದೇ ಗುರುತು ತುಂಬಬೇಕು. "ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ," ಎಂದು ಶಶಿರೇಖಾ ಸ್ಟಾಪ್‌ವಾಚ್ ಒತ್ತಿದರು.

ಸೋತರೇ ಗೆಲುವು ಎಂದು ರಮ್ಯಳಿಗೆ ಗೊತ್ತಿತ್ತು. ಆದರೂ ಹಲ್ಲು ಕಚ್ಚಿ ಬರೆದಳು. ಹೈಸ್ಕೂಲಿನಲ್ಲಿ ಎಲ್ಲರಿಗಿಂತ ಮೊದಲು ಪೇಪರ್ ಕೊಟ್ಟು ಎದ್ದುಬರುತ್ತಿದ್ದ ಆ ಹುಡುಗಿ ಒಳಗೆಲ್ಲಾದರೂ ಉಳಿದಿದ್ದಾಳೇನೋ ಎಂದು ಹುಡುಕುವವಳ ಹಾಗೆ ಬರೆದಳು. "ಸಾಕಮ್ಮ," ಎಂದಾಗ ಎರಡನೇ ಸಾಲೂ ಮುಗಿದಿರಲಿಲ್ಲ.

ಶಶಿರೇಖಾ ತುಂಬಿದ ಮನೆಗಳನ್ನು ಎಣಿಸಿದರು. "ಕಾಲೇಜಿಗೆ ಬರ್ದು ಕೊಡ್ತೀನಿ. ಟೈಮ್ ಸಿಗುತ್ತೆ."

ರಮ್ಯ ಹೊರಗೆ ಬಂದಾಗ, ಕಿಟಕಿಯಿಂದ ನೋಡುತ್ತಿದ್ದ ಆನಂದಪ್ಪನ ಮುಖ ಅರಳಿತ್ತು. "ಎಲಾ ಇವಳಾ! ನಾಟ್ಕ ಆಡಲ್ಲ ಅಂದು ಏನ್ ಮಾಡಿದ್ಯೇ! ಥೇಟ್ ಕೈಲಾಗದವ್ರ ಥರಾನೇ!"

ರಮ್ಯ ಮೆಟ್ಟಿಲ ಮೇಲೆ ಕೂತು ಚಪ್ಪಲಿಗೆ ಕಾಲು ತೂರಿಸಿದಳು. ಪಟ್ಟಿಯ ತುದಿ ಕೊಂಡಿಯ ಹತ್ತಿರ ಹೋಯಿತು, ಜಾರಿತು. ಮತ್ತೆ ಹೋಯಿತು. ಅಪ್ಪ ಇನ್ನೂ ನಗುತ್ತಲೇ ನೋಡುತ್ತಿದ್ದ. ಪಟ್ಟಿ ಮತ್ತೆ ಜಾರಿತು. ಅವನ ನಗು ಅಲ್ಲೇ ನಿಂತಿತು.

ಪಂಚೆ ಎತ್ತಿಕಟ್ಟಿ, ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಪಟ್ಟಿಯನ್ನು ತಾನೇ ಕೊಂಡಿಗೆ ಸೇರಿಸಿದ. ಆಮೇಲೆ ಅವಳ ಇನ್ನೊಂದು ಕಾಲನ್ನು ತನ್ನ ಮೊಣಕಾಲ ಮೇಲೆ ಎಳೆದುಕೊಂಡ.