ಕುಡುಗೋಲಿಗೆ ಬಗ್ಗದ ಬೇರು

ನಡುಬೇಸಿಗೆಯ ಯಾನಿ ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಅಷ್ಟರೊಳಗೆ ತೋಟದ ಕಳೆ ತೆಗೆಯದವರ ಮನೆ ಮುಂದೆ ಊರವರು ನಿಂತು, ಹಾಡು ಕಟ್ಟಿ ಹಾಡಿ ಮಾನ ಹರಾಜು ಹಾಕುತ್ತಾರೆ. ಏವಾಲ್ಡ್ಸ್ ಅಜ್ಜನಿಗೆ ಅದೇ ತಲೆಬಿಸಿ. ಬೇಲಿಯ ಪಕ್ಕ ಲತ್ವಾನಿಸ್ ಎಂಬ ಕಳೆಗಿಡಗಳು ಆಳೆತ್ತರ ಬೆಳೆದು, ಕೊಡೆಯಂಥ ಬಿಳಿ ಹೂ ಬಿಡತೊಡಗಿದ್ದವು. ಅವನು ಪ್ರತಿವರ್ಷ ಕೊಯ್ಯುತ್ತಾನೆ, ಅವು ಪ್ರತಿವರ್ಷ ಮತ್ತೆ ಬರುತ್ತವೆ.

ಅಜ್ಜ ಸುಡುಬಿಸಿಲಿನಲ್ಲಿ, ಅರ್ಧ ತೋಳಿನ ಅಂಗಿ ತೊಟ್ಟು ಉದ್ದ ಹಿಡಿಯ ಕುಡುಗೋಲು ಮಸೆಯುತ್ತಿದ್ದಾಗ ಊರಿನ ನರ್ಸ್ ಬಿರೂತಾ ಸೈಕಲ್ಲಿನಿಂದ ಇಳಿದಳು.

“ಅಜ್ಜಾ, ಅದನ್ನ ಕೆಳಗಿಡಿ. ಈ ಗಿಡದ ರಸ ತಾಗಿ ಬಿಸಿಲು ಬಿದ್ರೆ ಮೈ ಸುಟ್ಟ ಹಾಗೆ ಬೊಬ್ಬೆ ಏಳುತ್ತೆ.”

“ಹೋಗಮ್ಮ, ಸೂಜಿ ಚುಚ್ಚೋ ಕೆಲಸ ನೋಡ್ಕೋ! ಸೋವಿಯತ್ ಕಾಲದಲ್ಲಿ ಇದನ್ನ ಮೇವಿಗೆ ಅಂತ ನಾವೇ ಬಿತ್ತಿದ್ವಿ. ಹಸುಗಳು ತಿಂದು ಗುಂಡುಗುಂಡಗಿದ್ವು.”

“ಹಸುವಿಗೆ ಮೈ ತುಂಬ ಕೂದಲಿದೆ. ನಿಮಗೆ ತಲೆ ಮೇಲೂ ಇಲ್ಲ.”

ಅಜ್ಜನ ಹೆಂಡತಿ ವೆಲ್ತಾ ಕಿಟಕಿಯಲ್ಲಿ ನಿಂತು ಕಿಸಕ್ಕನೆ ನಕ್ಕಳು. ಅಜ್ಜ ಪಟ್ಟು ಬಿಡಲಿಲ್ಲ.

“ಹಬ್ಬದ ದಿನ ಊರವರು ಹಾಡಿ ಆಡ್ಕೋತಾರಲ್ಲ, ಅವರ ಬಾಯಿ ಮುಚ್ಚಿಸೋಕೆ ನೀನು ಬರ್ತೀಯಾ?”

“ಒಂದು ಸಂಜೆ ತಾನೇ, ಆಡ್ಕೊಳ್ಳಿ ಬಿಡಿ. ನಿಮ್ಮ ಮೊಮ್ಮಗಳು ಲಾಯ್ಮಾ ಬರ್ತಾಳಲ್ವಾ? ಹೂಕಿರೀಟ ಕಟ್ಟೋಕೆ ನೀವು ಕೊಯ್ದು ಬಿಸಾಕಿದ ಈ ಹೂವನ್ನೇ ಎತ್ಕೊಂಡ್ರೆ?”

ಅಜ್ಜ ಬೇಲಿಯ ಕಡೆ ತಿರುಗಿ ನೋಡಿದ. ಒಂಬತ್ತು ವರ್ಷದ ಲಾಯ್ಮಾ ಬಂದವಳೇ ಓಡುತ್ತಿದ್ದುದು ಆ ಬೇಲಿಯ ಕಡೆಗೇ.

“ಹೋದ ವರ್ಷ ಪಕ್ಕದೂರಿನ ಹುಡುಗಿಯೊಬ್ಬಳು ಈ ಹೂವನ್ನ ಕಿರೀಟಕ್ಕೆ ಸೇರಿಸಿ ಮುಡಿದಿದ್ಲು. ಹಣೆ ಸುತ್ತ ಬೊಬ್ಬೆ. ಕಲೆ ಇವತ್ತಿಗೂ ಹೋಗಿಲ್ಲ. ನಾನೇ ಪಟ್ಟಿ ಕಟ್ಟಿದ್ದು, ಅಜ್ಜಾ.”

ಅಜ್ಜ ಮಸೆಯುವುದನ್ನು ನಿಲ್ಲಿಸಿದ. ಕುಡುಗೋಲನ್ನು ಗೋಡೆಗೆ ಒರಗಿಸಿದ. “ಹಾಗಾದ್ರೆ ಏನ್ಮಾಡ್ಬೇಕು, ಹೇಳು ತಾಯಿ.”

“ಮೇಲೆ ಮೇಲೆ ಕೊಯ್ದ್ರೆ ಬೇರಿಗೇನೂ ಆಗಲ್ಲ, ವರ್ಷಗಟ್ಟಲೆ ಚಿಗುರ್ತಾನೇ ಇರುತ್ತೆ. ಮೋಡ ಮುಚ್ಚಿದ ದಿನ ನೋಡ್ಕೊಳ್ಳಿ. ತುಂಬು ತೋಳಿನ ಅಂಗಿ, ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ ಇರ್ಲೇಬೇಕು. ಮೊದಲು ಹೂಗೊಂಚಲು ಕತ್ತರಿಸಿ ಚೀಲಕ್ಕೆ ಹಾಕಿ. ನೆಲದ ಮೇಲೆ ಬಿಟ್ರೆ ಅಲ್ಲೇ ಬೀಜ ಕಟ್ಟುತ್ತೆ. ಆಮೇಲೆ ಚೂಪಾದ ಸಲಿಕೆನ ಓರೆಯಾಗಿ ಇಳಿಸಿ, ಒಂದು ಗೇಣು ಆಳದಲ್ಲಿ ಬೇರನ್ನೇ ಕತ್ತರಿಸಿ.”

ಮರುದಿನ ಮೋಡ ಕವಿಯಿತು. ಅಜ್ಜ ಸಲಿಕೆ ಒತ್ತಿದ, ವೆಲ್ತಾ ಚೀಲ ಹಿಡಿದಳು. ಹೊರಬಂದ ಬೇರು ಅವನ ಮುಂಗೈಯಷ್ಟು ದಪ್ಪವಿತ್ತು.

“ಇಷ್ಟು ವರ್ಷ ಬರೀ ಇದರ ಜುಟ್ಟು ಕತ್ತರಿಸ್ತಿದ್ದೆ ಕಣೇ!”

“ಕ್ಷೌರದಂಗಡಿ ಇಟ್ಟಿದ್ರೆ ಉದ್ಧಾರ ಆಗಿರ್ತಿದ್ರಿ,” ಎಂದಳು ವೆಲ್ತಾ.

ಹಬ್ಬದ ದಿನ ಲಾಯ್ಮಾ ಬೇಲಿಯ ಬಳಿ ಓಡಿದಳು. ಅಲ್ಲಿ ಬರೀ ಅಗೆದ ಮಣ್ಣು. ಮುಖ ಊದಿಸಿಕೊಂಡು ಹುಲ್ಲುಗಾವಲಿಗೆ ಹೋಗಿ, ಮಡಿಲ ತುಂಬ ಡೇಸಿ ಹೂ ತಂದು ಕಿರೀಟ ಕಟ್ಟಿ ಮುಡಿದಳು. ಅಜ್ಜ ಅವಳನ್ನು ಹತ್ತಿರ ಕರೆದು, ಹಣೆಯ ಮೇಲೆ ಮೆಲ್ಲಗೆ ಕೈಯಾಡಿಸಿದ. ಅವನ ಕಣ್ಣು ತುಂಬಿ ಬಂತು.

ನಿಮ್ಮ ಬೇಲಿಯ ಪಕ್ಕದಲ್ಲೂ ಈ ಗಿಡವಿದೆಯೇ? ಮಣ್ಣಿನೊಳಗೇ ಬೇರನ್ನು ಕತ್ತರಿಸಿ, ಎರಡು ಮೂರು ವಾರಕ್ಕೊಮ್ಮೆ ಹೋಗಿ ನೋಡಿ, ಚಿಗುರಿದರೆ ಮತ್ತೆ ಕತ್ತರಿಸಿ. ರಸ ತಾಗಿದರೆ ತಕ್ಷಣ ಸೋಪು ಹಚ್ಚಿ ತಣ್ಣೀರಿನಲ್ಲಿ ತೊಳೆಯಿರಿ, ಆ ಜಾಗಕ್ಕೆ ಎರಡು ದಿನ ಬಿಸಿಲು ತಾಕಿಸಬೇಡಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ಮಕ್ಕಳು ಹೂ ಕೀಳಲು ಬರುವ ಮೊದಲೇ ನೀವು ಸಲಿಕೆ ಹಿಡಿಯಿರಿ.